ಹಾಕು, ಬಿಡು, ಹೊಡೆ: ಸ್ಪ್ಯಾನಿಷ್‌ನ ‘ಎಚಾರ್’

ಸ್ಪೇನಿನಲ್ಲಿ ಸೂಪಿಗೆ ಉಪ್ಪು ಹಾಕುವವರು, ಮನೆ ಬಾಗಿಲಿಗೆ ಬೀಗ ಹಾಕುವವರು, ಕಾರಿಗೆ ಪೆಟ್ರೋಲ್ ಹಾಕುವವರು, ಬೀದಿಯ ಹಳದಿ ಅಂಚೆಡಬ್ಬಿಗೆ ಕಾಗದ ಹಾಕುವವರು, ಕೆಲಸಕ್ಕೆ ಬಾರದ ನೌಕರನನ್ನು ಆಚೆಗೆ ಹಾಕುವವರು ಎಲ್ಲರೂ ಬಳಸುವುದು ಒಂದೇ ಕ್ರಿಯಾಪದ. ಅದು ‘ಎಚಾರ್’. ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆಯುವುದಕ್ಕೂ ಅದೇ, ಸಂಜೆ ಟೀವಿಯಲ್ಲಿ ಯಾವ ಸಿನಿಮಾ ಇದೆ ಎಂದು ವಿಚಾರಿಸುವುದಕ್ಕೂ ಅದೇ, ದೂರದ ಊರಿನಲ್ಲಿರುವ ಮಗಳಿಗೆ ‘ನೀನಿಲ್ಲದೆ ಮನೆ ಬಣಬಣ ಅನ್ನುತ್ತೆ’ ಎಂದು ಹೇಳುವುದಕ್ಕೂ ಅದೇ.

ಇಷ್ಟು ದುಡಿಯುವ ಪದಕ್ಕೆ ಕಲಿಯುವವರ ಕೈಪಿಡಿಯಲ್ಲಿ ಸಿಗುವುದು ಒಂದೇ ಸಾಲು: ಎಚಾರ್ ಎಂದರೆ ‘ಎಸೆ’. ನಮ್ಮಲ್ಲಿ ಸ್ಪ್ಯಾನಿಷ್ ಕಲಿಯುವವರು ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕದ ಮೂಲಕವೇ ಹೋಗುತ್ತಾರೆ. ಇಂಗ್ಲಿಷಿನವನು ತನ್ನ ಅನುಕೂಲಕ್ಕೆ ಹಚ್ಚಿದ ಈ ಚೀಟಿಯನ್ನು ನಾವೂ ಬಾಯಿಪಾಠ ಮಾಡುತ್ತೇವೆ. ಆಮೇಲೆ ‘ಉಪ್ಪು ಎಸೆಯುವುದು’, ‘ಬೀಗದಕೈ ಎಸೆಯುವುದು’, ‘ನಿದ್ದೆ ಎಸೆಯುವುದು’ ಎಂದು ಒಂದೊಂದನ್ನೂ ವಿಚಿತ್ರ ನುಡಿಗಟ್ಟೆಂದು ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಬೇಕು. ತಮಾಷೆಯೆಂದರೆ ಚೆಂಡನ್ನೋ ಕಲ್ಲನ್ನೋ ಎಸೆಯುವುದಕ್ಕೆ ಸ್ಪ್ಯಾನಿಷ್‌ನವರು ಹೆಚ್ಚಾಗಿ ‘ತಿರಾರ್’ ಅಥವಾ ‘ಲನ್ಸಾರ್’ ಎನ್ನುತ್ತಾರೆ. ಎಸೆಯುವ ಕೆಲಸದಲ್ಲೇ ಎಚಾರ್ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ.

ಕನ್ನಡದವರಿಗೆ ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಇಂಗ್ಲಿಷನ್ನು ಪಕ್ಕಕ್ಕಿಟ್ಟು ‘ಹಾಕು’ ಎಂದುಕೊಂಡು ನೋಡಿ. ‘ಎಚಾರ್ ಸಾಲ್’ ಉಪ್ಪು ಹಾಕುವುದು. ‘ಎಚಾರ್ ಲಾ ಯಾವೆ’ ಬೀಗ ಹಾಕುವುದು. ‘ಎಚಾರ್ ಎಲ್ ಆಂಕ್ಲಾ’ ಲಂಗರು ಹಾಕುವುದು. ‘ಎಚಾರ್ ಲಾಸ್ ರೇದೆಸ್’ ಬಲೆ ಹಾಕುವುದು. ‘ಎಚಾರ್ ಕ್ವೆಂತಾಸ್’ ಲೆಕ್ಕ ಹಾಕುವುದು. ‘ಎಚಾರ್ ಊನಾ ಫಿರ್ಮಾ’ ರುಜು ಹಾಕುವುದು. ದಾಳ ಹಾಕುವುದಕ್ಕೂ ಶಾಪ ಹಾಕುವುದಕ್ಕೂ ಇದೇ ಎಚಾರ್. ಗಾಡಿಗೆ ಬ್ರೇಕ್ ಹಾಕುವುದು ‘ಎಚಾರ್ ಎಲ್ ಫ್ರೇನೊ’. ವಿಪರೀತ ಮಾತಾಡುವವನನ್ನು ತಡೆಯಲು ‘ಏಚಾ ಎಲ್ ಫ್ರೇನೊ, ಮಾಗ್ದಲೇನೊ’ ಎಂದು ಪ್ರಾಸ ಕಟ್ಟಿ ರೇಗಿಸುವುದೂ ಉಂಟು. ಮಾಗ್ದಲೇನೊ ಯಾರೂ ಅಲ್ಲ, ಪ್ರಾಸಕ್ಕೆ ಸಿಕ್ಕಿಬಿದ್ದ ಬಡಪಾಯಿ.

ಇನ್ನೂ ಒಳಗೆ ಹೋದರೆ ಹೊಂದಿಕೆ ಬೆರಗು ಹುಟ್ಟಿಸುತ್ತದೆ. ಅಂಗಡಿಯವನು ರಾತ್ರಿ ಷಟರ್ ಎಳೆಯುವುದು ‘ಎಚಾರ್ ಎಲ್ ಸಿಯೆರ್ರೆ’. ವ್ಯಾಪಾರ ಸೋತು ಶಾಶ್ವತವಾಗಿ ಮುಚ್ಚಿದಾಗಲೂ ಇದೇ ಮಾತು. ನಾವೂ ಹಾಗೆಯೇ ಅಲ್ಲವೆ? ‘ಎಂಟು ಗಂಟೆಗೆ ಬಾಗಿಲು ಹಾಕ್ತಾರೆ’ ಎಂದರೆ ಒಂದು, ‘ಆ ಫ್ಯಾಕ್ಟರಿ ಬಾಗಿಲು ಹಾಕ್ತು’ ಎಂದರೆ ಇನ್ನೊಂದು. ಟಾಕೀಸಿನ ಕಾಲದಲ್ಲಿ ನಮ್ಮ ಹಿರಿಯರು ‘ಯಾವ ಪಿಕ್ಚರ್ ಹಾಕವ್ರೆ?’ ಎಂದು ಕೇಳುತ್ತಿದ್ದರು. ಸ್ಪೇನಿನ ಅಜ್ಜಿಯರೂ ‘ಕೇ ಏಚಾನ್?’ ಎಂದೇ ಕೇಳುತ್ತಾರೆ. ಪದಕ್ಕೆ ಪದ ಹಿಡಿದರೆ ‘ಏನು ಹಾಕ್ತಾರೆ?’. ಗುಂಡಿನ ವಿಚಾರದಲ್ಲೂ ಎರಡು ಭಾಷೆಗಳು ಒಂದೇ ಮೇಜಿನಲ್ಲಿ ಕೂರುತ್ತವೆ. ‘ಸ್ವಲ್ಪ ಹಾಕ್ಕೊಂಡು ಬಂದಿದಾನೆ’ ಎಂದು ನಾವು ಹೇಳುವಾಗ ಏನು ಹಾಕಿಕೊಂಡ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ‘ಎಚಾರ್ಸೆ ಉನ್ ತ್ರಾಗೊ’ ಎಂದು ಗುಟುಕಿನ ಹೆಸರನ್ನಾದರೂ ಹೇಳುತ್ತಾರೆ. ಕೊನೆಗೆ ರೌಡಿಗಳ ಭಾಷೆಗೂ ಬರೋಣ. ಮೆಕ್ಸಿಕೊದಲ್ಲಿ ‘ಸೆ ಲೊ ಎಚಾರೊನ್’ ಎಂದರೆ ಅವನನ್ನು ಮುಗಿಸಿದರು. ನಮ್ಮ ಭೂಗತಲೋಕದ ಸಿನಿಮಾಗಳಲ್ಲಿ ‘ಅವನ್ನ ಹಾಕ್ಬಿಡು’ ಎನ್ನುವವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಕು ಸಾಲದ ಕಡೆ ‘ಬಿಡು’ ಬರುತ್ತದೆ. ಗಿಡ ಬೇರು ಬಿಡುತ್ತದೆ, ಎಲೆ ಬಿಡುತ್ತದೆ, ಹೂ ಬಿಡುತ್ತದೆ. ಚಿಮಣಿ ಹೊಗೆ ಬಿಡುತ್ತದೆ. ಸ್ಪ್ಯಾನಿಷ್‌ನಲ್ಲಿ ಈ ಎಲ್ಲಕ್ಕೂ ಎಚಾರ್ ಸಲ್ಲುತ್ತದೆ. ವಲಸೆ ಹೋದವರು ಹೊಸ ನೆಲದಲ್ಲಿ ನೆಲೆಯೂರುವುದು ‘ಎಚಾರ್ ರಾಯಿಸೆಸ್’, ಬೇರು ಬಿಡುವುದು. ಸಿಟ್ಟಿಗೆದ್ದವನು ‘ಏಚಾ ಚಿಸ್ಪಾಸ್’, ಕಿಡಿ ಕಾರುತ್ತಾನೆ. ಇನ್ನು ‘ಹೊಡೆ’. ನಿದ್ದೆ ಹೊಡೆಯುವುದು ‘ಎಚಾರ್ಸೆ ಊನಾ ಸಿಯೆಸ್ತಾ’, ಒಂದು ಆಟ ಇಸ್ಪೀಟು ಹೊಡೆಯುವುದು ‘ಎಚಾರ್ ಊನಾ ಪಾರ್ತೀದಾ’. ಅಂತೂ ಎಚಾರ್‌ನ ಸಂಸಾರವನ್ನು ಕನ್ನಡದಲ್ಲಿ ಮೂರು ಮನೆಗಳಿಗೆ ಹಂಚಿದ್ದಾರೆ ಎಂದಿಟ್ಟುಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಕಾಲು ಪಾಲಿನಲ್ಲೇ ಇರುವುದು ಪೇಚು. ‘ಎಚಾರ್ ಊನಾ ಮಾನೊ’ ಎನ್ನುವುದನ್ನು ಕೈ ಹಾಕುವುದು ಎಂದು ತಿಳಿದರೆ ಕೆಟ್ಟಿರಿ. ನಮ್ಮಲ್ಲಿ ಹೆಂಗಸಿನ ಮೇಲೆ ಕೈ ಹಾಕುವುದು ಪೊಲೀಸ್ ಠಾಣೆಯ ಮಾತು, ಹೊಸ ಕೆಲಸಕ್ಕೆ ಕೈ ಹಾಕುವುದು ಉತ್ಸಾಹದ ಮಾತು. ಅವರದು ಕೈ ಜೋಡಿಸುವುದು, ನೆರವಾಗುವುದು. ನಡುವಿನ ‘ಊನಾ’ ಬಿದ್ದುಹೋಗಿ ‘ಎಚಾರ್ ಮಾನೊ ಆ’ ಎಂದಾದರೆ ತಟ್ಟನೆ ಹಿಡಿದುಕೊಳ್ಳುವುದು. ‘ಎಚಾರ್ ಮಾನೊ ದೆ’ ಎಂದರೆ ಇದ್ದುದನ್ನು ಬಳಸಿಕೊಳ್ಳುವುದು, ಕೂಡಿಟ್ಟ ಹಣಕ್ಕೆ ಕೈ ಹಚ್ಚುವುದು. ಒಂದು ಪುಟ್ಟ ಪದ ಅರ್ಥವನ್ನು ಎತ್ತಿ ಬೇರೆ ಕಡೆ ಇಡುತ್ತದೆ. ಕಣ್ಣಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ‘ಎಚಾರ್ ಎಲ್ ಓಹೊ’ ಎಂದರೆ ಪಕ್ಕದ ಸೈಟಿನ ಮೇಲೋ ಇನ್ನೊಬ್ಬರ ಆಸ್ತಿಯ ಮೇಲೋ ಕಣ್ಣು ಹಾಕುವುದೇ.

ಮಣ್ಣಿನ ವಿಷಯ ಮತ್ತೆ ಬೇರೆ. ‘ನನ್ನ ಹೊಟ್ಟೆಗೆ ಮಣ್ಣು ಹಾಕಿದ’ ಎಂದು ನಾವು ಅಳುವುದು ಅನ್ನದ ದಾರಿ ತಪ್ಪಿದಾಗ. ಸ್ಪೇನಿನಲ್ಲಿ ‘ಎಚಾರ್ ತಿಯೆರ್ರಾ’ ಎಂದರೆ ಹಗರಣವೊಂದನ್ನು ಮುಚ್ಚಿಹಾಕುವುದು. ಮೆಕ್ಸಿಕೊಗೆ ಬಂದರೆ ಅದೇ ಮಣ್ಣು ಒಬ್ಬನ ಹೆಸರು ಕೆಡಿಸುವುದಕ್ಕೆ, ನಾವು ಕೆಸರೆರಚುವುದು ಎನ್ನುತ್ತೇವಲ್ಲ, ಅದಕ್ಕೆ ಬಳಕೆಯಾಗುತ್ತದೆ. ಊಟ ಹಾಕುವುದರಲ್ಲೂ ಜೋಕೆ. ನಾವು ಮದುವೆಯಲ್ಲಿ ಊರಿಗೆಲ್ಲ ಊಟ ಹಾಕುತ್ತೇವೆ, ಕೋಳಿಗೆ ಕಾಳು ಹಾಕುತ್ತೇವೆ, ಎರಡಕ್ಕೂ ಒಂದೇ ಮರ್ಯಾದೆ. ‘ಎಚಾರ್ ದೆ ಕೊಮೆರ್’ ಹೇಳುವುದು ಹಂದಿ ಕೋಳಿಗಳಿಗೆ. ಮನೆಗೆ ಬಂದ ನೆಂಟರಿಗೆ ಅದನ್ನು ಬಳಸಿದರೆ ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು. ಹಾಗೆಯೇ ಸ್ಪೇನಿನ ಯಾರಾದರೂ ‘ಕ್ವಾಂತೊಸ್ ಆನ್ಯೊಸ್ ಮೆ ಏಚಾಸ್?’ ಎಂದು ಕೇಳಿದರೆ, ನೋಡಿದರೆ ನನಗೆಷ್ಟು ವಯಸ್ಸು ಅನ್ನಿಸುತ್ತೆ ಎಂದು ಅರ್ಥ. ವ್ಯಾಕರಣ ಏನೇ ಹೇಳಲಿ, ಹತ್ತು ವರ್ಷ ಕಡಿಮೆ ಹೇಳುವುದು ಎಲ್ಲ ದೇಶದಲ್ಲೂ ಕ್ಷೇಮ.

ವ್ಯಾಕರಣವೆಂದಾಗ ಇನ್ನೊಂದು ಮಾತು. ‘ಎಚಾರ್ ಆ’ ಎಂದು ಮುಂದೆ ಮತ್ತೊಂದು ಕ್ರಿಯಾಪದ ಬಂದರೆ ಥಟ್ಟನೆ ಶುರುವಾಗುವುದೆಂದು ಅರ್ಥ. ‘ಎಚೊ ಆ ಕೊರ್ರೆರ್’ ಅಂದರೆ ಓಟ ಕಿತ್ತ. ‘ಸೆ ಎಚೊ ಆ ಯೊರಾರ್’ ಅಂದರೆ ಅತ್ತೇಬಿಟ್ಟಳು. ಓಡುವುದು, ನಡೆಯುವುದು, ಹಾರುವುದು ಒಂದು ಗುಂಪು. ಅಳುವುದು, ನಗುವುದು, ನಡುಗುವುದು ಇನ್ನೊಂದು ಗುಂಪು. ಹೀಗೆ ತಡೆಯಿಲ್ಲದೆ ನುಗ್ಗಿಬರುವ ಕೆಲವೇ ಕ್ರಿಯೆಗಳಿಗೆ ಈ ಮರ್ಯಾದೆ. ‘ಎಚೊ ಆ ಓದಿದ’, ‘ಎಚೊ ಆ ಅಡುಗೆ ಮಾಡಿದ’ ಎಂದು ಬಾಲ ಅಂಟಿಸಲಾಗದು. ನಿಯಮ ಬರೆದಿಟ್ಟವರು ಯಾರೂ ಇಲ್ಲ, ಕಿವಿಯೇ ಹೇಳಬೇಕು.

ಪದದ ಹಿಂದಿನ ಕಥೆಗೆ ಬರೋಣ. ಲ್ಯಾಟಿನ್ನಿನ ‘ಯಾಕ್ತಾರೆ’, ಅಂದರೆ ಮತ್ತೆ ಮತ್ತೆ ಎಸೆಯುವುದು, ಸವೆದು ಸವೆದು ಎಚಾರ್ ಆಯಿತು. ಕ್ಯಾಸ್ಟೀಲಿಯನ್ ಬಾಯಿಯಲ್ಲಿ, ಅಂದರೆ ಸ್ಪ್ಯಾನಿಷ್‌ನವರ ಬಾಯಿಯಲ್ಲಿ, ಲ್ಯಾಟಿನ್ನಿನ ‘ಕ್ತ’ ಕರಗಿ ‘ಚ’ ಆಗುವುದು ಖಾಯಂ ಪದ್ಧತಿ. ರಾತ್ರಿಯ ‘ನೊಕ್ತೆಮ್’ ಹೀಗೇ ‘ನೋಚೆ’ ಆಯಿತು, ಹಾಲಿನ ‘ಲಾಕ್ತೆಮ್’ ‘ಲೇಚೆ’ ಆಯಿತು, ಎಂಟರ ‘ಒಕ್ತೊ’ ‘ಓಚೊ’ ಆಯಿತು. ಮಾಡಿದ್ದು ಎಂಬರ್ಥದ ‘ಫಾಕ್ತುಮ್’ ಕೂಡ ಇದೇ ದಾರಿ ಹಿಡಿದು ‘ಏಚೊ’ ಆಯಿತು. ಇಲ್ಲಿ ತಗಾದೆ ಶುರು. ಮೊದಲಿನ ‘ಫ’ ಕ್ಯಾಸ್ಟೀಲಿಯನ್ನಿನಲ್ಲಿ ‘ಹ’ ಆಗಿ, ಆಮೇಲೆ ಉಸಿರೇ ನಿಂತು, ಬರಹದಲ್ಲಿ ಮಾತ್ರ ಉಳಿಯಿತು. ಅದರಿಂದ ‘ಮಾಡಿದ’ ಎನ್ನುವ ಏಚೊಗೆ ಕಾಗದದ ಮೇಲೆ ಹಕಾರವುಂಟು, ‘ಹಾಕುತ್ತೇನೆ’ ಎನ್ನುವ ಏಚೊಗೆ ಇಲ್ಲ. ಬಾಯಲ್ಲಿ ಎರಡೂ ಒಂದೇ. ಸ್ಪ್ಯಾನಿಷ್ ಮಾತೃಭಾಷೆಯವರೇ ಎಡವುವ ಜಾಗವಿದು. ಪ್ರೇಮಪತ್ರದಲ್ಲಿ ಬೇಡದ ಹಕಾರ ಹಾಕಿ ಬರೆದ ಹುಡುಗನನ್ನು ಹುಡುಗಿ ಮೊದಲು ತಿದ್ದಿ, ಆಮೇಲೆ ಉತ್ತರ ಬರೆಯುತ್ತಾಳೆ. ಶಾಲೆಗಳಲ್ಲಿ ಇದಕ್ಕೊಂದು ಗುಟ್ಟು ಹೇಳಿಕೊಡುತ್ತಾರೆ: ಆಚೆ ಹಾಕುವ ಎಚಾರ್ ಮೊಟ್ಟಮೊದಲು ಆಚೆ ಹಾಕುವುದು ಹಕಾರವನ್ನೇ.

ಹಕಾರದ ಈ ಗತಿ ನಮಗೆ ಅಪರಿಚಿತವಲ್ಲ. ಹಳಗನ್ನಡದ ‘ಪಾಲ್’ ನಡುಗನ್ನಡಕ್ಕೆ ಬರುವಾಗ ‘ಹಾಲು’ ಆಯಿತು, ‘ಪೂ’ ಹೋಗಿ ‘ಹೂ’ ಆಯಿತು. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಹಕಾರವೂ ಉದುರಿ ‘ಆಲು’, ‘ಊವು’ ಉಳಿದಿವೆ. ಅಲ್ಲಿಯ ರೈತ ‘ಗೊಬ್ರ ಆಕು’ ಎನ್ನುವಾಗ, ಕ್ಯಾಸ್ಟೀಲಿನ ರೈತ ನೂರಾರು ವರ್ಷಗಳ ಹಿಂದೆ ತನ್ನ ಬಾಯಿಗೆ ಕೊಟ್ಟ ಬಿಡುವನ್ನೇ ಇವನೂ ಕೊಡುತ್ತಿದ್ದಾನೆ. ಪಟ್ಟಣದ ಮೇಷ್ಟರು ಇವನನ್ನು ತಿದ್ದುತ್ತಾರೆ. ಸ್ಪೇನಿನಲ್ಲಿ ಹಕಾರ ಉಚ್ಚರಿಸಿದವನನ್ನೇ ತಿದ್ದುತ್ತಾರೆ.

ಎಚಾರ್‌ನ ಬಳಗದಲ್ಲಿ ಹೆಚ್ಚು ಪ್ರೀತಿಯ ನುಡಿ ‘ಎಚಾರ್ ದೆ ಮೆನೋಸ್’. ‘ತೆ ಏಚೊ ದೆ ಮೆನೋಸ್’ ಎಂದರೆ ನಿನ್ನ ನೆನಪು ಕಾಡುತ್ತಿದೆ, ನೀನಿಲ್ಲದ್ದು ತಿಳಿಯುತ್ತಿದೆ. ಪದಗಳನ್ನು ಬಿಡಿಸಿ ನೋಡಿದರೆ ‘ನಿನ್ನನ್ನು ಕಡಿಮೆಯಿಂದ ಹಾಕುತ್ತೇನೆ’ ಎಂಬಂಥ ಅಸಂಬದ್ಧ ಸಿಗುತ್ತದೆ. ಹಾಕುವುದಕ್ಕೂ ಅಗಲಿಕೆಗೂ ಏನು ನಂಟು? ಏನೂ ಇಲ್ಲ. ಇದು ಪಕ್ಕದ ಮನೆಯಿಂದ ಬಂದ ಮಾತು ಎನ್ನುತ್ತಾರೆ ಪದಮೂಲ ಬಲ್ಲವರು. ಪೋರ್ಚುಗೀಸರಲ್ಲಿ ‘ಅಚಾರ್ ಮೆನೋಸ್’ ಎಂಬ ನುಡಿಯಿತ್ತು. ಅಚಾರ್ ಎಂದರೆ ಕಾಣು, ಸಿಗು. ಕುರಿ ಎಣಿಸುವಾಗ ಒಂದು ಕಡಿಮೆ ಕಂಡಿತು ಎನ್ನುತ್ತೇವಲ್ಲ, ಅಂಥದ್ದು. ಅಚಾರ್ ಕ್ಯಾಸ್ಟೀಲಿಯನ್ ಕಿವಿಗೆ ಎಚಾರ್ ಎಂದು ಕೇಳಿಸಿತು, ತನ್ನದೇ ಪದವೆಂದು ಒಳಗೆ ಬಿಟ್ಟುಕೊಂಡಿತು. ‘ಎಚಾರ್ ಮೆನೋಸ್’ ಎಂದೇ ಬಹಳ ಕಾಲ ನಡೆದು, ನಡುವಿನ ‘ದೆ’ ಆಮೇಲೆ ಬಂದು ಸೇರಿತು. ಎಣಿಕೆಯ ಕೊರತೆ ಕ್ರಮೇಣ ಎದೆಯ ಕೊರತೆಯಾಯಿತು.

ಕಾಣು ಎಂಬುದಕ್ಕೆ ಕ್ಯಾಸ್ಟೀಲಿಯನ್ನಿನದೇ ಪದ ‘ಆಯಾರ್’. ಅದನ್ನಿಟ್ಟುಕೊಂಡ ‘ಆಯಾರ್ ಮೆನೋಸ್’ ಕೂಡ ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. ಅದರ ಹೆಸರಾಂತ ಸಾಕ್ಷಿ ಒಂದು ಕತ್ತೆ. ಸೆರ್ವಾಂತೆಸ್‌ನ ‘ದೊನ್ ಕಿಹೋತೆ’ 1605ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾದಾಗ ಒಂದು ಎಡವಟ್ಟಾಗಿತ್ತು. ಸಿಯೆರ್ರಾ ಮೊರೇನಾ ಬೆಟ್ಟಗಳಲ್ಲಿ ನಾಯಕನ ಸೇವಕ ಸಾಂಚೊ ಪಾಂಸನ ಕತ್ತೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಕದ್ದವರು ಯಾರು, ಯಾವಾಗ ಎಂಬ ಸುದ್ದಿಯೇ ಇಲ್ಲ. ಅದೇ ವರ್ಷದ ಎರಡನೆಯ ಮುದ್ರಣಕ್ಕೆ ಕಳ್ಳತನದ ಪ್ರಸಂಗವೊಂದನ್ನು ಸೇರಿಸಲಾಯಿತು. ಬೆಳಗಾಗೆದ್ದ ಸಾಂಚೊ ತನ್ನ ಬೂದು ಕತ್ತೆಯನ್ನು ‘ಕಡಿಮೆ ಕಂಡ’ ಎಂದೇ ಅಲ್ಲಿ ಬರುತ್ತದೆ. ಅಷ್ಟು ಮಾಡಿಯೂ ಮುಂದಿನ ಸಾಲುಗಳನ್ನು ಸರಿಯಾಗಿ ತಿದ್ದದೆ, ಕಳವಾದ ಕತ್ತೆಯ ಮೇಲೆ ಸಾಂಚೊ ಸವಾರಿ ಮಾಡಿಕೊಂಡೇ ಹೋಗುತ್ತಾನೆ. ಓದುಗರು ಬಿಡಲಿಲ್ಲ. 1615ರ ಎರಡನೆಯ ಭಾಗದಲ್ಲಿ ಪಾತ್ರಗಳೇ ಕೂತು ಮೊದಲ ಭಾಗದ ತಪ್ಪುಗಳನ್ನು ಚರ್ಚಿಸುತ್ತವೆ. ಕತ್ತೆಯ ಪ್ರಶ್ನೆ ಬಂದಾಗ ಸಾಂಚೊ, ಕಥೆ ಬರೆದವನು ತಪ್ಪಿರಬೇಕು, ಇಲ್ಲವೆ ಅಚ್ಚು ಹಾಕಿದವನ ಅಜಾಗರೂಕತೆಯಿರಬೇಕು ಎಂದು ಜಾರಿಕೊಳ್ಳುತ್ತಾನೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೂ ಸ್ಪ್ಯಾನಿಷ್‌ನಲ್ಲಿ ನಮ್ಮ ಕ್ರಿಯಾಪದವೇ ಬೇಕು: ‘ಎಚಾರ್ ಲಾ ಕುಲ್ಪಾ’.

ಇಂಥ ಪದಗಳ ನಡೆಯನ್ನು ಹಿಡಿದಿಡುವುದು ಸಾಂಪ್ರದಾಯಿಕ ನಿಘಂಟುಗಳಿಗೆ ಕಷ್ಟ. ಸ್ಪೇನಿನ ರಾಯಲ್ ಅಕಾಡೆಮಿ 1713ರಲ್ಲಿ ಹುಟ್ಟಿತು, 1726ರಿಂದ 1739ರವರೆಗೆ ತನ್ನ ಮೊದಲ ನಿಘಂಟನ್ನು ಆರು ಸಂಪುಟಗಳಲ್ಲಿ ತಂದಿತು. ಅದರ ಧ್ಯೇಯವಾಕ್ಯ ಭಾಷೆಯನ್ನು ಶುಚಿ ಮಾಡುವ, ನೆಲೆಗೊಳಿಸುವ, ಬೆಳಗಿಸುವ ಮಾತಾಡುತ್ತದೆ. ಗೌರವದ ಕೆಲಸವೇ. ಆದರೆ ಪದವನ್ನು ಯಾವ ಪದದ ಜೊತೆ ಹೇಗೆ ಬಳಸಬೇಕು ಎಂದು ಕೇಳುವವರ ಬಾಯಾರಿಕೆ ತಣಿಸಿದ್ದು ಅಕಾಡೆಮಿಯ ಹೊರಗಿದ್ದ ಒಬ್ಬ ಗ್ರಂಥಪಾಲಕಿ. ಮರಿಯಾ ಮೊಲಿನೇರ್ 1900ರಲ್ಲಿ ಅರಗಾನ್ ಸೀಮೆಯ ಪನೀಸಾ ಎಂಬಲ್ಲಿ ಹುಟ್ಟಿದವರು. ಸ್ಪೇನಿನ ಅಂತರ್ಯುದ್ಧದ ನಂತರ ಫ್ರಾಂಕೊ ಆಡಳಿತ ಅವರನ್ನು ಹುದ್ದೆಯ ಮೆಟ್ಟಿಲಿನಿಂದ ಕೆಳಗಿಳಿಸಿತು. 1950ರ ದಶಕದ ಆರಂಭದಲ್ಲಿ ಮಗ ತಂದುಕೊಟ್ಟ, ಕಲಿಯುವವರಿಗಾಗಿ ಬರೆದ ಇಂಗ್ಲಿಷ್ ನಿಘಂಟೊಂದನ್ನು ನೋಡಿ, ನಮ್ಮ ಭಾಷೆಗೂ ಹೀಗೊಂದು ಇರಲಿ ಎಂದು ಮನೆಯಲ್ಲೇ ಕುಳಿತರು. ಕಚೇರಿ ಕೆಲಸ, ಮನೆ, ಮಕ್ಕಳ ನಡುವೆ ಚೀಟಿಗಳ ಮೇಲೆ ಚೀಟಿ ಬರೆದರು. ‘ಸ್ಪ್ಯಾನಿಷ್ ಬಳಕೆಯ ನಿಘಂಟು’ ಎರಡು ಸಂಪುಟಗಳಲ್ಲಿ 1966 ಮತ್ತು 1967ರಲ್ಲಿ ಹೊರಬಂತು. ಒಂದು ಸಂಸ್ಥೆ ಮಾಡುವ ಕೆಲಸವನ್ನು ಒಬ್ಬ ಹೆಂಗಸು ಮಾಡಿ ಮುಗಿಸಿದ್ದರು.

1972ರಲ್ಲಿ ಅವರ ಹೆಸರು ಅಕಾಡೆಮಿಯ ಖಾಲಿ ಪೀಠಕ್ಕೆ ಸೂಚಿತವಾಯಿತು. ಆಯ್ಕೆಯಾದವರು ಭಾಷಾವಿಜ್ಞಾನಿ ಎಮಿಲಿಯೊ ಅಲಾರ್ಕೊಸ್. ಅವರೂ ಘನ ವಿದ್ವಾಂಸರೇ, ಅದರಲ್ಲಿ ಅನುಮಾನವಿಲ್ಲ. ಆದರೂ ಅಲ್ಲಿಯವರೆಗೆ ಒಬ್ಬ ಮಹಿಳೆಯನ್ನೂ ಪೂರ್ಣ ಸದಸ್ಯೆಯಾಗಿ ಆರಿಸದಿದ್ದ ಸಂಸ್ಥೆ ಆ ದಿನ ಕಳೆದುಕೊಂಡ ಅವಕಾಶ ಸಣ್ಣದಲ್ಲ. ಮೊದಲ ಮಹಿಳೆಯಾಗಿ ಕವಯಿತ್ರಿ ಕಾರ್ಮೆನ್ ಕೊಂದೆ ಆಯ್ಕೆಯಾದದ್ದು 1978ರಲ್ಲಿ. ಮೊಲಿನೇರ್ 1981ರಲ್ಲಿ ತೀರಿಕೊಂಡಾಗ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಈ ಗ್ರಂಥಪಾಲಕಿಯ ಬಗ್ಗೆ ಲೇಖನ ಬರೆದು ಋಣ ತೀರಿಸಿದರು. ಬಳಕೆಯಿಂದ ಪದವನ್ನು ಹಿಡಿಯುವ ಈ ಕ್ರಮದ ಬೆಲೆ, ‘ಇಗೋ ಕನ್ನಡ’ ಅಂಕಣಕ್ಕಾಗಿ ಪತ್ರಿಕೆ ಬಿಡಿಸುತ್ತಿದ್ದ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ.

ಸಾಗರ ದಾಟಿದ ಮೇಲೆ ಎಚಾರ್ ಬೇರೆ ಬೇರೆ ಬಣ್ಣ ತಳೆಯಿತು. ಮೆಕ್ಸಿಕೊದಲ್ಲಿ ಪರೀಕ್ಷೆಗೆ ಹೊರಟ ಮಗನಿಗೆ ತಾಯಿ ಹೇಳುವುದು ‘ಏಚಲೆ ಗಾನಾಸ್’, ಅಂದರೆ ಮನಸ್ಸಿಟ್ಟು ಮಾಡು. ಆಸ್ಪತ್ರೆಯ ಮಂಚದಲ್ಲಿರುವವರಿಗೂ ಇದನ್ನೇ ಹೇಳುತ್ತಾರೆ. ಕೆಲವರಿಗೆ ಈ ಉಪದೇಶ ಕೇಳಿ ಕೇಳಿ ಬೇಸರವೂ ಬಂದಿದೆ. ಕರೆಯದೆ ನೆಂಟರು ಬಂದರೆ ‘ಹುರುಳಿ ಬೇಯುವ ಪಾತ್ರೆಗೆ ಇನ್ನಷ್ಟು ನೀರು ಹಾಕು’ ಎನ್ನುವುದು ಅಲ್ಲಿಯ ಮಾತು. ಅಲ್ಲಿ ಹುರುಳಿ ಎಂದರೆ ನಮ್ಮ ಹುರುಳಿಕಾಳಲ್ಲ, ಫ್ರಿಹೋಲೆಸ್ ಎಂಬ ಬೀನ್ಸ್ ಕಾಳು. ನಾಣ್ಯ ಚಿಮ್ಮಿ ಟಾಸ್ ಹಾಕುವುದು ‘ಎಚಾರ್ ಉನ್ ವೊಲಾದೊ’. ನಾವು ಹೆಡ್ಡೊ ಟೇಲೊ ಎಂದಲ್ಲಿ ಅವರು ‘ಆಗಿಲಾ ಒ ಸೋಲ್’, ಹದ್ದೊ ಸೂರ್ಯನೊ ಎಂದು ಕೇಳುತ್ತಾರೆ. ಹಳೆಯ ನಾಣ್ಯಗಳ ಚಿತ್ರಗಳಿಂದ ಬಂದ ಈ ಪ್ರಶ್ನೆಯನ್ನೇ ಒಕ್ತಾವಿಯೊ ಪಾಸ್ 1951ರ ತಮ್ಮ ಪುಸ್ತಕಕ್ಕೆ ಹೆಸರಾಗಿಟ್ಟರು. 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ ಇವರೇ.

ಮೆಕ್ಸಿಕೊದ ಇನ್ನೊಂದು ಚೆಂದದ ಬಳಕೆ ‘ಎಚಾರ್ ಆಗ್ವಾಸ್’. ನೀರು ಹಾಕುವುದೆಂದು ತಿಳಿಯಬೇಡಿ, ಯಾರಾದರೂ ಬರುತ್ತಾರೇನೋ ನೋಡಿ ಎಚ್ಚರಿಸುವುದು. ಹಿಂದೆ ಕೊಳಕು ನೀರನ್ನು ಕಿಟಕಿಯಿಂದ ಬೀದಿಗೆ ಚೆಲ್ಲುವ ಮುನ್ನ ಕೂಗಿ ಹೇಳುತ್ತಿದ್ದ ಎಚ್ಚರಿಕೆಯಿಂದ ಬಂದದ್ದೆಂದು ಹೇಳಿಕೆಯಿದೆ. ಕಿಟಕಿಯಿಂದ ಮನೆಯನ್ನೇ ಎಸೆಯುವ ನುಡಿಯೂ ಇದೆ: ‘ಎಚಾರ್ ಲಾ ಕಾಸಾ ಪೋರ್ ಲಾ ವೆಂತಾನಾ’, ಮದುವೆ ಮುಂಜಿಗಳಿಗೆ ಕೈಬಿಚ್ಚಿ ದುಡ್ಡು ಸುರಿಯುವುದು. ಮೂರನೆಯ ಕಾರ್ಲೊಸ್ ದೊರೆ 1763ರಲ್ಲಿ ಸ್ಪೇನಿಗೆ ಲಾಟರಿ ತಂದಾಗ, ಗೆದ್ದವರು ಖುಷಿಗೆ ಹಳೆಯ ಸಾಮಾನನ್ನೆಲ್ಲ ಕಿಟಕಿಯಿಂದಾಚೆ ಹಾಕುತ್ತಿದ್ದರಂತೆ. ಕಥೆ ನಿಜವೋ ಸುಳ್ಳೋ, ನುಡಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಎಲ್ಲ ಕಡೆಯೂ ಎಚಾರ್‌ಗೆ ಒಂದೇ ಬೇಡಿಕೆಯಿಲ್ಲ. ಕೆಲಸ ಹೋಯಿತೆನ್ನಲು ಸ್ಪೇನ್, ಅರ್ಜೆಂಟೀನಾಗಳಲ್ಲಿ ‘ಮೆ ಎಚಾರೊನ್’ ಸರಿ. ಮೆಕ್ಸಿಕೊದವನು ‘ಮೆ ಕೊರ್ರಿಯೆರೊನ್’, ನನ್ನನ್ನು ಓಡಿಸಿದರು ಎನ್ನುತ್ತಾನೆ. ಪೆರುವಿನವನು ‘ಮೆ ಬೊತಾರೊನ್’ ಎನ್ನುತ್ತಾನೆ. ಅಗಲಿಕೆ ಹೇಳಿಕೊಳ್ಳಲು ಅಮೆರಿಕದ ನಾಡುಗಳಲ್ಲಿ ‘ಎಕ್ಸ್‌ತ್ರಾನ್ಯಾರ್’ ಹೆಚ್ಚು ಬಳಕೆ. ನನಗೇನೋ ಆ ಕತ್ತೆಯ ಕಥೆಯಿರುವ ಎಚಾರ್ ದೆ ಮೆನೋಸ್ ಮೇಲೇ ಪ್ರೀತಿ. ಆದರೂ ಆ ನಾಡುಗಳಲ್ಲಿ ಮಾತಾಡುವವರು ಅಲ್ಲಿಯವರಂತೆ ಮಾತಾಡಲಿ.

ಇನ್ನು ಉಳಿದ ಕೆಲವು ಬಳಕೆಗಳು ಭಾನುವಾರದ ಪುರವಣಿಗೆ ಒಗ್ಗುವುದಿಲ್ಲ. ಆದರೂ ಒಂದು ಎಚ್ಚರಿಕೆ ಹೇಳದಿದ್ದರೆ ಅನ್ಯಾಯವಾದೀತು. ಸ್ಪೇನಿನ ಗೆಳೆಯರ ಮನೆಯಲ್ಲಿ ನಿಂತು ಸಾರು ಕುದಿಸುತ್ತ, ‘ಒಂದಿಷ್ಟು ಪುಡಿ ಹಾಕೋಣ’ ಎನ್ನಲು ನಿಘಂಟು ತೆರೆದರೆ ಪುಡಿಗೆ, ಧೂಳಿಗೆ ‘ಪೋಲ್ವೊ’ ಎಂಬ ಪದ ಸಿಗುತ್ತದೆ. ಹಾಕುವುದಕ್ಕೆ ಎಚಾರ್ ನಿಮಗೆ ಈಗಾಗಲೇ ಗೊತ್ತು. ದಯವಿಟ್ಟು ಅವೆರಡನ್ನೂ ‘ಎಚಾರ್ ಉನ್ ಪೋಲ್ವೊ’ ಎಂದು ಜೋಡಿಸಬೇಡಿ. ಸಾರಿನ ಪುಡಿಯ ಡಬ್ಬಿ ತೋರಿಸಿ ಸುಮ್ಮನಿರಿ. ಅರ್ಥವೇನೆಂದು ತಿಳಿಯಬೇಕಾದರೆ ಊಟವಾದ ಮೇಲೆ, ಅತ್ತೆಮಾವಂದಿರು ಒಳಗೆ ಹೋದ ಮೇಲೆ, ಗೆಳೆಯರನ್ನೇ ಕೇಳಿ.